ಚಿಗರಿ ಹಾರುವ ಕಣ

ನಾನು ನಿಂತಿದ್ದದ್ದು ಸೋದರತ್ತೆಯ ಕಣದ ಮೂಡಣ ಅಂಚಿನಲ್ಲಿ, ಬೇವಿನ ಮರದಿಂದ ನಾಲ್ಕು ಹೆಜ್ಜೆ ಈಚೆಗೆ. ಹೋದ ಜನವರಿಯ ಒಂದು ಬುಧವಾರ, ಬೆಳಿಗ್ಗೆ ಏಳೂಮುಕ್ಕಾಲು. ಕೈಯಲ್ಲಿ ಚಹಾದ ಲೋಟವಿತ್ತು, ಅರ್ಧ ಕುಡಿದಿದ್ದೆ. ಹಾವೇರಿಯ ಕೋರ್ಟಿನಲ್ಲಿ ಸಾಕ್ಷಿಗಳ ಹೇಳಿಕೆ ಬೆರಳಚ್ಚು ಮಾಡುವುದು ನನ್ನ ಕೆಲಸ. ‘ಇರಬಹುದು’ ಎಂದವರನ್ನು ವಕೀಲರು ಏನು ಮಾಡುತ್ತಾರೆಂದು ಬಲ್ಲೆ. ಅದಕ್ಕೇ ಇದನ್ನು ನಿಧಾನವಾಗಿ ಬರೆಯುತ್ತಿದ್ದೇನೆ.

ಅತ್ತೆಯ ಊರು ರಾಣೆಬೆನ್ನೂರಿನಿಂದ ಬಸ್ಸಿನಲ್ಲಿ ಅರ್ಧ ಗಂಟೆ. ಎರಡು ಓಣಿ, ಒಂದು ಅಂಗಡಿ. ಸುತ್ತಲಿನದೇ ಊರಿಗಿಂತ ದೊಡ್ಡದು: ತೆಂಕಣಕ್ಕೆ ಕಲ್ಲುಗುಡ್ಡ, ಮೂಡಣಕ್ಕೆ ಚಳಿಗಾಲದಲ್ಲಿ ಬಾತುಗಳು ಇಳಿಯುವ ಕೆರೆ, ಪಡುವಣಕ್ಕೆ ಚಿಗರಿಗಳು, ಅಂದರೆ ಕೃಷ್ಣಮೃಗಗಳು, ಮೇಯುವ ಹುಲ್ಲುಗಾವಲು. ಆ ವಾರ ಪಂಚಾಯ್ತಿಯವರು ಬಸ್ ನಿಲ್ದಾಣದ ಗೋಡೆಗೆ ‘ನಮ್ಮೂರಲ್ಲಿ ನೋಡುವ ಜಾಗಗಳು’ ಎಂದು ಬರೆಸುತ್ತಿದ್ದರು. ಗುಡ್ಡ, ಕೆರೆ, ಹುಲ್ಲುಗಾವಲು ಬರೆದಾಗಿತ್ತು. ನಾಲ್ಕನೆಯದು ತನ್ನ ಕಣ ಎಂದು ಅತ್ತೆಯ ಹಟ. ಕೆರೆಗೆ ಹೋಗುವ ಚಿಗರಿಗಳು ತಾನು ಒಣಹಾಕಿದ ಮೆಣಸಿನಕಾಯಿಯನ್ನು ತುಳಿಯದೆ ಹಾರಿ ದಾಟುತ್ತವೆ ಎಂದು ಆಕೆ ವರ್ಷಗಳಿಂದ ಹೇಳುತ್ತಿದ್ದಳು. ಆಕೆಯ ಹೊರತು ಯಾರೂ ಕಂಡಿರಲಿಲ್ಲ. ಆಕೆಯ ತಮ್ಮ, ಅಂದರೆ ನನ್ನ ಕಾಕಾ, ಪಂಚಾಯ್ತಿ ಸದಸ್ಯ. ಸಾಕ್ಷಿ ಇಲ್ಲದೆ ಗೋಡೆಗೆ ಬರೆಸುವುದಿಲ್ಲ ಎಂದು ಅವನ ಹಟ.

ಅದಕ್ಕೆ ಅತ್ತೆ ನನ್ನನ್ನು ಕರೆಸಿದ್ದಳು. ಎರಡು ಬೆಳಗು ಕಾದೆ. ಒಂದು ಕಾಗೆ ಬಂದಿತ್ತು. ಆ ಬುಧವಾರ ಕೊನೆಯ ದಿನ: ಮಧ್ಯಾಹ್ನ ಕಾಯಿ ಚೀಲಕ್ಕೆ, ಮರುದಿನ ಬ್ಯಾಡಗಿಯ ಮಾರುಕಟ್ಟೆಗೆ. ಗೋಡೆ ಬರೆಯುವ ಪೇಂಟರನೂ ಸಂಜೆಗೆ ಹೊರಡುವವನಿದ್ದ.

ಕಾಯಿ ಹತ್ತು ಅಡಿ ಅಗಲಕ್ಕೆ, ಕಣದ ತೆಂಕಣ ತುದಿಯಿಂದ ಬಡಗಣ ತುದಿಗೆ ಕೆಂಪಗೆ ಹರಡಿತ್ತು. ಅದರ ಆಚೆಯ ಅಂಚಿನಲ್ಲಿ, ನನಗೆ ಎದುರಾಗಿ, ಕಾಕಾ ಹುಲ್ಲುಗಾವಲಿಗೆ ಬೆನ್ನು ಮಾಡಿ ಕುಕ್ಕುರುಗಾಲಿನಲ್ಲಿ ಕೂತಿದ್ದ.

“ಅಕ್ಕಾ, ಚಿಗರಿಗೆ ಟೈಮ್ ಹೇಳೀದಿಲ್ಲೋ? ಇಲ್ಲಾ ಮಿಸ್ ಕಾಲ್ ಕೊಡಬೇಕೇನು?”

“ನಿನ್ನ ಬಾಯಿಗೆ ಅಂಜೇ ಬರವಲ್ಲವು ಅವು. ಸುಮ್ನ ಕುಂದ್ರು.”

ಚಹಾಕ್ಕೆಂದು ಬಂದಿದ್ದ ಪೇಂಟರ್ ನನ್ನ ಪಕ್ಕದಲ್ಲಿದ್ದ. “ಯಮ್ಮಾ, ಲಗೂ ಹೇಳ್ರಿ. ಬರೀಲೋ, ಬಿಡ್ಲೋ?”

“ತಡಿಯಪ್ಪಾ. ಗ್ವಾಡಿ ಎಲ್ಲಿ ಓಡಿ ಹೋಗತೈತಿ?”

ದೂರದಲ್ಲಿ ನಾಯಿ ಬೊಗಳಿತು. ಮೊದಲು ಕಂಡದ್ದು ಧೂಳು, ಆಮೇಲೆ ತಿರುಚಿದ ಕೊಂಬು. ಮುಂದಿದ್ದ ಕರಿ ಗಂಡು ಕಾಯಿಗೆ ಒಂದು ಮೊಳ ಮುಂಚೆ ನೆಲ ಬಿಟ್ಟಿತು. ಕಾಲು ಹೊಟ್ಟೆಗೆ ಮಡಚಿಕೊಂಡು ಗಾಳಿಯಲ್ಲಿ ನಿಂತಂತೆ ಕಂಡಿತು. ನಿಂತಿತು ಎಂದು ಬರೆಯಲಾರೆ. ಅದರ ಹಿಂದೆ ಇನ್ನೊಂದು, ಅದರ ಹಿಂದೆ ಎರಡು, ಚೆಂಡು ಪುಟಿದಂತೆ. ಹದಿನೇಳರವರೆಗೆ ಎಣಿಸಿದೆ. ಹದಿನೆಂಟನೆಯದು ಕಾಕಾನ ತಲೆಯ ಮೇಲಿಂದಲೇ ಹಾರಿತು. ಅದರ ಬಿಳಿ ಹೊಟ್ಟೆ, ಅದರ ಕೆಳಗೆ ಅವನ ಬಿಳಿ ಟೋಪಿ, ಎರಡನ್ನೂ ಒಟ್ಟಿಗೆ ಕಂಡೆ. ಟೋಪಿ ಬಿತ್ತು, ಚಿಗರಿ ತಾಗಿ ಅಲ್ಲ, ಅವನು ಕಾಯಿಯ ಮೇಲೆ ಮುಗ್ಗರಿಸಿದ್ದರಿಂದ. ಆಮೇಲಿನ ಲೆಕ್ಕ ನನ್ನಲ್ಲಿಲ್ಲ. ಚಹಾ ಅಂಗಿಯ ಮೇಲಿತ್ತು. ನನ್ನ ಕಾಲುಗಳು ತಾವಾಗಿಯೇ ಎರಡು ಸಲ ಜಿಗಿದವು. ಪೇಂಟರ್ ಅದನ್ನೂ ನೋಡಿದ, ಹಾಗಾಗಿ ಇಲ್ಲ ಎನ್ನಲಾರೆ.

ಕೆರೆಯ ಕಡೆ ಧೂಳು ಇಳಿಯಿತು. ಮೊದಲು ನಕ್ಕವನು ಪೇಂಟರ್. ನಕ್ಕು ನಕ್ಕು ನಾನು ಬೇವಿನ ಬುಡ ಹಿಡಿದುಕೊಳ್ಳಬೇಕಾಯಿತು. ಅತ್ತೆ ನಗಲಿಲ್ಲ. ಸೀರೆ ಎತ್ತಿ ಕಟ್ಟಿ, ಬಗ್ಗಿ, ಕಾಯಿಯ ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ನಾನೂ ಹಿಂದೆ ಹೋದೆ. ಮುರಿದ ಕಾಯಿ ಹನ್ನೊಂದು; ಎಲ್ಲವೂ ಕಾಕಾನ ಮೊಣಕಾಲ ಕೆಳಗೆ.

“ಈಗ ಹೇಳು,” ಅಂದಳು ಅತ್ತೆ.

“ಖರೇ ಹೇಳಲೇನಕ್ಕಾ? ನಾ ಕಣ್ಣು ಮುಚ್ಚಿದ್ದೆ. ತಲಿ ಮ್ಯಾಲ ಗಾಳಿ ಬಂತು, ಅಷ್ಟ ಗೊತ್ತು.”

“ಗಾಳಿಗೆ ಕೊಂಬಿದ್ವು, ಕಾಕಾರ,” ಎಂದ ಪೇಂಟರ್. “ನಾ ನೋಡೇನಿ. ಬರೀತೇನಿ.”

ಕಾಕಾ ಟೋಪಿ ಝಾಡಿಸಿ ತಲೆಗಿಟ್ಟುಕೊಂಡ. “ಬರಿಯಪಾ. ದೊಡ್ಡದಾಗಿ ಬರಿ.”

ಮೊದಲ ಮೂರು ಸಾಲಿಗೇ ಹಸಿರು ಬಣ್ಣ ಮುಗಿದಿತ್ತು. ನಾಲ್ಕನೆಯ ಸಾಲು ಮಾತ್ರ ಕೆಂಪಗಿದೆ.

ನೋಡಿದವರು ಮೂವರು, ಮೂವರೂ ಬದುಕಿದ್ದೇವೆ. ಪೇಂಟರ್ ಈಗ ಬ್ಯಾಡಗಿಯಲ್ಲಿ ಅಂಗಡಿಗಳ ಬೋರ್ಡು ಬರೆಯುತ್ತಾನೆ. ನಾನು ಕೋರ್ಟಿನಲ್ಲಿದ್ದೇನೆ. ಎಂಬತ್ತು ದಾಟಿದ ಅತ್ತೆ ಬಸ್ಸಿಳಿದವರನ್ನೆಲ್ಲ ಕಣಕ್ಕೆ ಕರೆದೊಯ್ಯುತ್ತಾಳೆ. ಕಾಕಾನೂ ಇದ್ದಾನೆ, ಎಷ್ಟು ಎತ್ತರ ಹಾರಿತೆಂದು ಬಂದವರಿಗೆ ಕೈಯೆತ್ತಿ ತೋರಿಸುತ್ತಾನೆ. ಆದರೆ ಅವನು ಕಣ್ಣು ಮುಚ್ಚಿದ್ದ. ಅವನನ್ನು ಈ ಪಟ್ಟಿಗೆ ಸೇರಿಸಲಾರೆ.