ನನ್ನ ಸೊಸೆಗೆ ಬೇಡವೆಂದ ಊಟ

ಚೈತ್ರ ಅಕ್ಕಿ ತಿನ್ನುತ್ತಿದ್ದಳು. ಹಸಿ ಅಕ್ಕಿ. ಡಬ್ಬಕ್ಕೆ ಕೈ ಹಾಕಿ ಒಂದು ಹಿಡಿ ಬಾಯಿಗೆ ಸುರಿದುಕೊಂಡವಳು ನನ್ನನ್ನು ಕಂಡ ಕೂಡಲೇ ಬಾಯಿಗೆ ಕೈ ಅಡ್ಡ ಹಿಡಿದಳು. ನನ್ನ ಸೊಸೆಗೆ ಆಗ ಆರು ತಿಂಗಳು. ಬಯಕೆ ಇರಬೇಕು ಎಂದು ನಕ್ಕು ಸುಮ್ಮನಾದೆ.

ಹಸಿ ಅಕ್ಕಿ, ಸೀಮೆಸುಣ್ಣ, ಮಣ್ಣು ತಿನ್ನುವ ಗರ್ಭಿಣಿಗೆ ರಕ್ತ ಕಡಿಮೆ ಇರಬಹುದು, ತಡ ಮಾಡದೆ ಪರೀಕ್ಷೆ ಮಾಡಿಸಬೇಕು. ಇದನ್ನು ನಾನು ಟ್ರೈನಿಂಗಿನಲ್ಲಿ ಕಲಿತಿದ್ದೇನೆ, ಊರಿನ ಹೆಂಗಸರಿಗೆ ಕಲಿಸಿದ್ದೇನೆ. ನಿಡುಗಲ್ ಬೆಟ್ಟ ಕಾಣುವ ನಮ್ಮ ಊರಿನಲ್ಲಿ ಹತ್ತೊಂಬತ್ತು ವರ್ಷದಿಂದ ನಾನು ಅಂಗನವಾಡಿ ಟೀಚರ್.

ನಮ್ಮೂರಲ್ಲಿ ಇರುವುದು ಒಂದೇ ಅಂಗಡಿ. ಅಲ್ಲಿ ಕುರುಕಲು ಪೊಟ್ಟಣ, ಬಿಸ್ಕತ್ತು, ಶಾಂಪೂ ಸಿಗುತ್ತವೆ, ಸೊಪ್ಪು ಸಿಗುವುದಿಲ್ಲ. ತರಕಾರಿಯ ಲಗೇಜ್ ಆಟೊ ವಾರಕ್ಕೊಮ್ಮೆ ಬರುತ್ತದೆ. ನಮ್ಮೂರಿಗೆ ತಲುಪುವ ಹೊತ್ತಿಗೆ ಅದರಲ್ಲಿ ಬಾಡಿದ ಸೊಪ್ಪು, ಮೆತ್ತಗಾದ ಟೊಮೆಟೊ ಉಳಿದಿರುತ್ತವೆ, ಅದಕ್ಕೂ ಪಾವಗಡಕ್ಕಿಂತ ಜಾಸ್ತಿ ರೇಟು. ಹಾಗಾಗಿ ಬೇಳೆ, ಸೊಪ್ಪು, ಹಾಲು, ಕಡಲೆಬೀಜದ ಚಿಕ್ಕಿ ದಿನಾ ಒಟ್ಟಿಗೆ ಸಿಗುವ ಜಾಗ ಊರಿನಲ್ಲಿ ನನ್ನ ಅಂಗನವಾಡಿ ಒಂದೇ. ಗರ್ಭಿಣಿಯರು ಮಧ್ಯಾಹ್ನ ಬಂದು ಕೂತು ಉಣ್ಣಬೇಕು. ಬಾರದವರ ಬಾಗಿಲಿಗೆ ಹೋಗಿ, "ನಾಚ್ಕೆ ಎಂಥದು, ಬರ್ರಮ್ಮ" ಎಂದು ಕರೆದುಕೊಂಡು ಬಂದವಳು ನಾನು.

ನನ್ನ ಸೊಸೆಯನ್ನು ಮಾತ್ರ ಕರೆಯಲಿಲ್ಲ.

ಕಾರಣ ಹೇಳಲು ಬಾಯಿ ಬರುವುದಿಲ್ಲ, ಬರೆಯುತ್ತೇನೆ. ಅಲ್ಲಿ ಅಡುಗೆ ಮಾಡುವ ಸಹಾಯಕಿ ಮಾರಕ್ಕ ಕಾಲೋನಿಯವರು. ನಾವು ಲಿಂಗ ಕಟ್ಟಿಕೊಂಡವರು. ಹನ್ನೊಂದು ವರ್ಷ ಒಂದೇ ಕೋಣೆಯಲ್ಲಿ ದುಡಿದರೂ ಅವರ ಕೈಯಡುಗೆ ನಾನು ಉಂಡವಳಲ್ಲ. ಮನೆಯಿಂದ ಡಬ್ಬಿ ಒಯ್ಯುತ್ತಿದ್ದೆ. ಕೇಳಿದವರಿಗೆ ಗ್ಯಾಸ್ಟ್ರಿಕ್ ಎನ್ನುತ್ತಿದ್ದೆ. ಗ್ಯಾಸ್ಟ್ರಿಕ್ ಎನ್ನುವುದೊಂದು ಇಲ್ಲದಿದ್ದರೆ ನಮ್ಮಂಥವರು ಏನು ಮಾಡುತ್ತಿದ್ದೆವೋ! ಮಾರಕ್ಕ ನನಗಿಂತ ದೊಡ್ಡವರು, ಆದರೂ "ಬಾರೇ, ಹೋಗೇ" ಎಂದೇ ಮಾತಾಡಿಸಿದ್ದೇನೆ. ಅಲ್ಲಿ ಮೊಟ್ಟೆ ಬೇಯಿಸುತ್ತಾರೆ ಎಂಬ ನೆವವೂ ಇತ್ತು. ಮೊಟ್ಟೆ ತಿನ್ನದವರಿಗೆ ಮೊಳಕೆಕಾಳು ಕೊಡುತ್ತೇವೆ ಎಂದು ಮನೆಮನೆಗೆ ಸಾರಿದವಳೂ ನಾನೇ.

ಒಮ್ಮೆ ಚೈತ್ರಳೇ ಕೇಳಿದಳು, "ಅತ್ತೆ, ನಾನೂ ಬರ್ಲಾ? ಅಲ್ಲಿ ಎಲ್ರೂ ಒಟ್ಟಿಗೆ ಕೂತು ಉಣ್ತಾರಂತೆ."

"ಯಾಕೆ, ನಮ್ಮನೇಲಿ ಅನ್ನಕ್ಕೆ ಗತಿ ಇಲ್ವಾ?" ಎಂದುಬಿಟ್ಟೆ.

ಮನೆಯಲ್ಲಿ ಅನ್ನ ಇತ್ತು. ಗಂಡಸರು ಉಂಡು, ನಾನೂ ಉಂಡ ಮೇಲೆ, ತಳದಲ್ಲಿ ಉಳಿದ ತಿಳಿಸಾರಿನಲ್ಲಿ ಕಲಸಿಕೊಂಡು ಅವಳು ಉಣ್ಣುತ್ತಿದ್ದಳು. ಏನು ಉಳಿದಿದೆ ಎಂದು ನಾನು ಒಂದು ದಿನವೂ ಪಾತ್ರೆ ಬಗ್ಗಿಸಿ ನೋಡಲಿಲ್ಲ. ಬರಿಹೊಟ್ಟೆಗೆ ಐರನ್ ಮಾತ್ರೆ ನುಂಗಿದರೆ ವಾಂತಿಯಾಗುತ್ತದೆಂದು ಅವಳು ಅದನ್ನೂ ಬಿಟ್ಟಿದ್ದಳು. ಅದು ನನಗೆ ಆಮೇಲೆ ಗೊತ್ತಾಯಿತು.

ಏಳು ತುಂಬುವ ಹೊತ್ತಿಗೆ ಎರಡು ಮೆಟ್ಟಿಲು ಹತ್ತಿದರೆ ಏದುಸಿರು. ಪಾದ ಊದಿಕೊಂಡವು. ಒಂದು ಬೆಳಗ್ಗೆ ಕೊಡ ಎತ್ತಲು ಬಗ್ಗಿದವಳು ಅಲ್ಲೇ ಕುಸಿದಳು. ನನ್ನ ಮಗ ಮಂಜು ಸೋಲಾರ್ ಪ್ಯಾನೆಲ್ ತೊಳೆಯುವ ಕೆಲಸಕ್ಕೆ ಹೋಗಿದ್ದ. ಅವನನ್ನು ಕರೆಸಿಕೊಂಡು ಪಾವಗಡಕ್ಕೆ ಹೋದೆವು.

ಎಚ್‌ಬಿ ಐದು. ಹನ್ನೊಂದಾದರೂ ಇರಬೇಕಿತ್ತು.

ಡಾಕ್ಟರಮ್ಮ ಅವಳ ಕೆಳರೆಪ್ಪೆ ಎಳೆದು ನೋಡಿದರು. ಸುಣ್ಣದ ಹಾಗೆ ಬೆಳ್ಳಗಿತ್ತು. "ಅಂಗನವಾಡಿಯಲ್ಲಿ ಊಟ ಮಾಡ್ತಿದಾರಾ?" ಎಂದು ಕೇಳಿದರು. ನಾನೇ ಅಲ್ಲಿಯ ಟೀಚರ್ ಎಂದು ಆಗತಾನೇ ಜಂಬದಿಂದ ಹೇಳಿಕೊಂಡಿದ್ದೆ.

"ದಿನಾ ಮಾಡ್ತಾಳೆ ಮೇಡಂ" ಎಂದೆ.

ಚೈತ್ರ ಗೋಡೆಯ ಕಡೆ ತಿರುಗಿಕೊಂಡಳು.

ಆ ಸುಳ್ಳು ನಮ್ಮ ಜೊತೆ ಆಂಬುಲೆನ್ಸ್ ಹತ್ತಿ ತುಮಕೂರಿನವರೆಗೂ ಬಂತು. ಅಲ್ಲಿ ಬ್ಲಡ್ ಹಾಕಿದರು. ಆದರೆ ದಿನಾ ಚೆನ್ನಾಗಿ ಉಣ್ಣುವವಳಿಗೆ ಇಷ್ಟು ರಕ್ತ ಕಡಿಮೆ ಯಾಕಾಯಿತು ಎನ್ನುವುದು ಅಲ್ಲಿಯ ಡಾಕ್ಟರಿಗೆ ಬಗೆಹರಿಯಲಿಲ್ಲ. ಪರೀಕ್ಷೆಯ ಮೇಲೆ ಪರೀಕ್ಷೆ ನಡೆಯಿತು. ಹೊಟ್ಟೆಯೊಳಗೆ ಎಲ್ಲೋ ರಕ್ತ ಸೋರುತ್ತಿರಬಹುದು, ಗಂಟಲಿನಿಂದ ಪೈಪ್ ಇಳಿಸಿ ಎಂಡೋಸ್ಕೋಪಿ ಮಾಡಬೇಕು ಎಂದರು. ಮಂಜು ಕಾರಿಡಾರಿನಲ್ಲಿ ಕೂತು ಅತ್ತ. "ಕ್ಯಾನ್ಸರ್ ಗೀನ್ಸರ್ ಇರ್ಬೋದೇನಮ್ಮ?" ಎಂದ. ಅವನ ಬೆನ್ನು ಸವರಿದೆ. ನಿಜ ಗೊತ್ತಿದ್ದವಳು ಬಾಯಿ ಬಿಡದೆ ಬರೀ ಬೆನ್ನು ಸವರಿದೆ.

ಚೈತ್ರಳೂ ಬಾಯಿ ಬಿಡಲಿಲ್ಲ. ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಸುಮ್ಮನೆ ಮಲಗಿದ್ದಳು. ಅಷ್ಟು ಹೆದರಿಕೆಯಲ್ಲೂ ಅವಳು ನನ್ನ ಮಾನ ಕಾಯುತ್ತಿದ್ದಾಳೆ ಎಂದು ಹೊಳೆದಾಗ ನೆಲ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು.

ನರ್ಸ್ ಸಹಿಗೆ ಪೇಪರ್ ತಂದರು. ನಾನು ಡಾಕ್ಟರ ಹಿಂದೆ ಓಡಿದೆ. "ಸರ್, ಇವ್ಳು ಅಂಗನವಾಡಿಗೆ ಒಂದ್ ದಿನಾನೂ ಬಂದಿಲ್ಲ. ನಾನೇ ಕಳಿಸ್ಲಿಲ್ಲ."

"ಯಾಕಮ್ಮ?"

ಹೇಳಿದೆ. ಅಡುಗೆ ಮಾಡುವವರು ಯಾರು, ನಾವು ಯಾರು, ಎಲ್ಲ ಹೇಳಿದೆ. ವಾರ್ಡಿನ ಆರು ಮಂಚದವರೂ ಕೇಳಿಸಿಕೊಂಡರು. ಬಾಗಿಲಲ್ಲಿ ಮಂಜು ನಿಂತಿದ್ದ. ಡಾಕ್ಟರು ಬೈದಿದ್ದರೆ ಚೆನ್ನಾಗಿತ್ತು. ಅವರು ಚೀಟಿಯ ಮೇಲೆ ಏನೋ ಹೊಡೆದುಹಾಕಿ, "ಸದ್ಯಕ್ಕೆ ಪೈಪ್ ಬೇಡ. ಐರನ್ ಇಂಜೆಕ್ಷನ್ ಕೊಟ್ಟು ನೋಡೋಣ. ಹೊಟ್ಟೆ ತುಂಬ ಊಟ ಕೊಡಿ" ಎಂದಷ್ಟೇ ಹೇಳಿ ಮುಂದಿನ ಮಂಚಕ್ಕೆ ಹೋದರು. ಮಂಜು ಮೂರು ದಿನ ನನ್ನ ಜೊತೆ ಮಾತು ಬಿಟ್ಟ.

ಈಗ ಒಂದು ತಿಂಗಳಾಗಿದೆ. ಎಚ್‌ಬಿ ಒಂಬತ್ತರ ಹತ್ತಿರ ಬಂದಿದೆ. ಮಗು ಸ್ವಲ್ಪ ಸಣ್ಣದಿದೆಯಂತೆ, ಹೆರಿಗೆಗೆ ತುಮಕೂರಿಗೇ ಹೋಗಬೇಕಂತೆ. ಗೆದ್ದೆವು ಎನ್ನುವ ಧೈರ್ಯ ನನಗಿಲ್ಲ. ಇಬ್ಬರೂ ಉಳಿದಿದ್ದಾರೆ, ಸದ್ಯಕ್ಕೆ ಅದಕ್ಕೇ ಕೈ ಮುಗಿಯುತ್ತೇನೆ.

ಊರಿಗೆ ಬಂದ ಮರುದಿನ ಮಾರಕ್ಕನ ಮುಂದೆ ಕೂತು ನಡೆದದ್ದೆಲ್ಲ ಹೇಳಿ, ತಪ್ಪಾಯಿತು ಎಂದೆ. ಅವರು ಸೊಪ್ಪು ಬಿಡಿಸುತ್ತಿದ್ದರು, ತಲೆ ಎತ್ತಲಿಲ್ಲ.

"ನಂಗೊತ್ತಿರ್ಲಿಲ್ವಾ ಟೀಚರಮ್ಮ? ನಿಮ್ ಗ್ಯಾಸ್ಟ್ರಿಕ್ಕು ಊರ್ಗೇ ಗೊತ್ತೈತೆ. ನಿಮ್ಮುನ್ನ ನೋಡ್ಕಂಡೇ ನಿಮ್ ಬೀದಿಯೋರು ಮೂರು ಜನ ಬಸ್ರೀರು ಊಟುಕ್ ಬರ್ಲಿಲ್ಲ. ಟೀಚರೇ ಉಣ್ಣಲ್ಲ, ನಾವ್ ಹೆಂಗೆ ಉಣ್ಣಾದು ಅಂದ್ರು."

ಆ ಮೂವರೂ ನನಗೆ ಗೊತ್ತು. ಅವರಲ್ಲಿ ಒಬ್ಬಳ ಮಗುವಿನ ತೂಕ ಎರಡು ಕೆಜಿ ಮುಟ್ಟಿರಲಿಲ್ಲ. ಆ ಮಗುವನ್ನು ತೂಕ ಮಾಡಿ, ತಾಯಿಗೆ ಪೌಷ್ಟಿಕ ಆಹಾರದ ಭಾಷಣ ಬಿಗಿದವಳು ನಾನು.

"ಬುಡಿ, ಸಾರಿಗೆ ಹೊತ್ತಾಗ್ತೈತೆ" ಎಂದು ಅವರು ಎದ್ದರು. ಕ್ಷಮಿಸಿದೆ ಎನ್ನಲಿಲ್ಲ. ಎನ್ನಬೇಕೆಂದು ಕೇಳುವ ಮುಖವೂ ನನಗಿರಲಿಲ್ಲ.

ಅವತ್ತು ಮಧ್ಯಾಹ್ನ ಚೈತ್ರಳನ್ನು ಕರೆತಂದು ಸಾಲಿನಲ್ಲಿ ಕೂರಿಸಿ, ಪಕ್ಕದಲ್ಲಿ ನಾನೂ ಕೂತೆ. ಉಣ್ಣುತ್ತಿದ್ದ ಹೆಂಗಸರು ಮಾತು ನಿಲ್ಲಿಸಿ ನೋಡಿದರು. ಮಾರಕ್ಕ ಅನ್ನದ ಮೇಲೆ ಸೊಪ್ಪಿನ ಸಾರು ಬಡಿಸಿದರು. ಸುಳ್ಳು ಬರೆಯುವುದಿಲ್ಲ, ನನ್ನ ಕೈ ಅರೆಗಳಿಗೆ ತಡೆಯಿತು. ಇಷ್ಟೆಲ್ಲ ಆದ ಮೇಲೂ ತಡೆಯಿತಲ್ಲ ಎಂದು ನಾಚಿಕೆಯಾಯಿತು. ತಲೆ ತಗ್ಗಿಸಿಕೊಂಡು ಉಂಡೆ.

ಚೈತ್ರ ಆಗಲೇ ತಟ್ಟೆ ಬರಿದು ಮಾಡಿದ್ದಳು. "ಅಕ್ಕ, ಇನ್ನೊಂಚೂರು ಹಾಕಿ" ಎಂದಳು. ಮಾರಕ್ಕ ಹಾಕಿದರು. ಅದನ್ನೂ ಉಂಡು ಮತ್ತೆ ತಟ್ಟೆ ಮುಂದೆ ಮಾಡಿದಳು.

ಅವಳು ನಮ್ಮ ಮನೆಗೆ ಬಂದು ಎರಡು ವರ್ಷ. ಅವಳು ಅನ್ನ ಕೇಳಿ ಹಾಕಿಸಿಕೊಂಡದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು.