ಹೆಳವರು ಬಿಟ್ಟು ಹೋದ ಮನೆ

ಈ ವರ್ಷ ಒಂಬತ್ತನೇ ಇಯತ್ತೆಯ ಒಬ್ಬ ಹುಡುಗಿ ಎದ್ದು ನಿಂತು, "ಬಾಯಾರ, ಇತಿಹಾಸ ಓದಿ ಏನ್ ಮಾಡೂದೈತ್ರಿ? ಬೇಕಂದ್ರ ಮೊಬೈಲ್‌ದಾಗ ಎಲ್ಲಾ ಸಿಗ್ತೈತಲ್ರಿ," ಎಂದು ಕೇಳಿದಳು. ಇಪ್ಪತ್ತೇಳು ವರ್ಷಗಳಿಂದ ಈ ಪ್ರಶ್ನೆ ಕೇಳಿಸಿಕೊಳ್ಳುತ್ತ ಬಂದಿದ್ದೇನೆ. ಉತ್ತರವೂ ಸಿದ್ಧವಾಗಿಯೇ ಇರುತ್ತದೆ: ಹಿಂದಿನದು ತಿಳಿದವರು ಮುಂದೆ ಎಡವುವುದಿಲ್ಲ. ಅದನ್ನೇ ಒಪ್ಪಿಸಲು ಬಾಯಿ ತೆರೆದೆ, ಮಾತು ಹೊರಡಲಿಲ್ಲ. "ಕುಂದ್ರವಾ, ನಾಳಿ ಹೇಳ್ತೀನಿ," ಎಂದುಬಿಟ್ಟೆ. ಹುಡುಗಿ ಗೆದ್ದೆ ಅಂದುಕೊಂಡಳೋ ಏನೋ, ಪಕ್ಕದವಳಿಗೆ ಮೊಣಕೈ ತಿವಿದು ಕುಳಿತಳು.

ನಾನು ಜತ್ತ ತಾಲೂಕಿನವಳು. ತಿಕೋಂಡಿಯ ಆಚೆಗಿನ ಒಂದು ಹಳ್ಳಿಯ ಕನ್ನಡ ಸಾಲಿಯಲ್ಲಿ ಇತಿಹಾಸ ಕಲಿಸುತ್ತೇನೆ. ಸರ್ಕಾರ ಮಹಾರಾಷ್ಟ್ರದ್ದು, ಪುಸ್ತಕ ಕನ್ನಡದ್ದು, ಶಿಕ್ಷಕರ ಕೋಣೆಯ ಮಾತು ಅರ್ಧ ಮರಾಠಿ. ಶಿಕ್ಷಕಿಯಾದ್ದರಿಂದ ಊರಿಗೆಲ್ಲ ನಾನು ಬಾಯಾರು. ಮದುವೆ ಆಗಲಿಲ್ಲ, ಯಾಕೆ ಎಂದು ಕೇಳುವ ಜನವೂ ಈಗ ತೀರಿಹೋದರು. ಅಪ್ಪ ಹೋಗಿ ಹನ್ನೊಂದು ವರ್ಷ, ಅವ್ವ ಹೋಗಿ ಎರಡು. ನಾನೊಬ್ಬಳೇ ಮಗಳು. ಎರಡೇ ರೊಟ್ಟಿಗಾಗಿ ಹಿಟ್ಟು ನಾದಿ ಒಲೆ ಹೊತ್ತಿಸುವುದು ಎಂಥ ಬೇಸರದ ಕೆಲಸ ಎಂಬುದು ಒಂಟಿ ಇದ್ದವರಿಗೇ ಗೊತ್ತು.

ನನ್ನ ಬಾಯಿ ಕಟ್ಟಿದ್ದು ಯಾಕೆಂದು ಹೇಳಬೇಕಾದರೆ ಹೆಳವರ ವಿಷಯ ಹೇಳಬೇಕು. ನಮ್ಮ ಕಡೆ ಪ್ರತಿ ಮನೆತನಕ್ಕೂ ಒಬ್ಬ ಹೆಳವ ಇರುತ್ತಾನೆ. ಜೋಳದ ರಾಶಿ ಮುಗಿದ ಮೇಲೆ ಎರಡು ಮೂರು ವರ್ಷಕ್ಕೊಮ್ಮೆ ಗಂಟೆ ಬಾರಿಸುತ್ತ ಬಂದು ಪಡಸಾಲೆಯಲ್ಲಿ ಕುಳಿತು, ಮೂಲ ಪುರುಷನಿಂದ ಹಿಡಿದು ಮೊನ್ನೆ ಹುಟ್ಟಿದ ಕೂಸಿನವರೆಗೆ ಮನೆಯವರ ಹೆಸರು ಓದುತ್ತಾನೆ; ಹೆಣ್ಣುಮಕ್ಕಳ ಹೆಸರು ಮಾತ್ರ ಅವರನ್ನು ಕೊಟ್ಟ ಮನೆಯ ಪುಸ್ತಕ ಸೇರುತ್ತದೆ. ಒಂದೊಂದು ಹೆಸರಿಗೂ ಮನೆಯವರು "ಹೌದಪ್ಪಾ ಹೌದು" ಎನ್ನಬೇಕು. ಸತ್ತವರನ್ನು, ಹುಟ್ಟಿದವರನ್ನು ಪುಸ್ತಕದಲ್ಲಿ ಬರೆದುಕೊಂಡು, ಕೊಟ್ಟ ಜೋಳ, ಹಾಸಿದ ಬಟ್ಟೆ ತೆಗೆದುಕೊಂಡು ಮುಂದಿನ ಮನೆಗೆ ಹೋಗುತ್ತಾನೆ.

ವಿಜಾಪುರದಲ್ಲಿ ಎಂ.ಎ. ಮುಗಿಸಿ ಬಂದ ವರ್ಷ ನಮ್ಮ ಮನೆಯ ಹೆಳವ ಬಂದಿದ್ದ. ಬಿಳಿ ಮೀಸೆಯ ಮುದುಕ. ಓಣಿಯ ಜನ ಪಡಸಾಲೆಯಲ್ಲಿ ತುಂಬಿದ್ದರು. ಏಳು ತಲೆ ಹಿಂದೆ ನಮ್ಮ ಮೂಲ ಪುರುಷ ಭೀಮಾ ದಂಡೆಯಿಂದ ಕುರಿ ಹೊಡೆದುಕೊಂಡು ಬಂದನಂತೆ, ಚಳಿಗೆ ನಡುಗುತ್ತಿದ್ದ ವಿಜಾಪುರದ ಬಾದಶಹನಿಗೆ ತನ್ನ ಕಂಬಳಿ ಹೊದಿಸಿದನಂತೆ, ಅದಕ್ಕೆ ಈ ಹೊಲ ಇನಾಮು ಸಿಕ್ಕಿತಂತೆ. ಅಪ್ಪ ಕಣ್ಣು ಮುಚ್ಚಿ "ಹೌದಪ್ಪಾ ಹೌದು" ಎಂದ. ನನಗೆ ತಡೆಯಲಾಗಲಿಲ್ಲ.

"ಅಜ್ಜಾ, ಏಳು ತಲಿ ಅಂದ್ರ ಭಾಳ ಅಂದ್ರ ಇನ್ನೂರು ವರ್ಷ. ಆವಾಗ ವಿಜಾಪುರದಾಗ ಬಾದಶಾ ಎಲ್ಲಿದ್ನೋ? ಅವರ ರಾಜ್ಯ ಮುಗದು ನೂರು ವರ್ಷದ ಮ್ಯಾಲಾಗಿತ್ತು. ಯಾರ ಗೋರಿಗೆ ಕಂಬಳಿ ಹೊಚ್ಚಿದ ನಮ್ಮ ಮುತ್ಯಾ?"

ಪಡಸಾಲೆ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ. ಮುದುಕ ಪುಸ್ತಕ ಮುಚ್ಚಿ, ಬಟ್ಟೆಯಲ್ಲಿ ಸುತ್ತಿ, ಎದ್ದ. ಅವ್ವ ಮೊರ ತುಂಬ ಜೋಳ ಹಿಡಿದು ಊರ ಅಗಸೆ ಬಾಗಿಲವರೆಗೆ ಹಿಂದೆ ಓಡಿದಳು. ಅವನು ಮುಟ್ಟಲಿಲ್ಲ. ಅವ್ವ ತಿರುಗಿ ಬಂದು ಮೊರವನ್ನು ನನ್ನ ಮುಂದೆ ಕುಕ್ಕಿ, "ಮಾತ ಆಡಿದ್ರ ಹೋತು, ಮುತ್ತ ಒಡದ್ರ ಹೋತು. ಶಾಣ್ಯಾಕಿ ಆಗಿ ಬಂದಿ ನೋಡು!" ಎಂದಳು.

ಆಮೇಲೆ ಹೆಳವ ನಮ್ಮ ಮನೆ ಬಿಟ್ಟ. ಎಡಗಡೆಯ ಮನೆಗೆ ಬರುತ್ತಿದ್ದ, ಬಲಗಡೆಯ ಮನೆಗೆ ಬರುತ್ತಿದ್ದ, ನಮ್ಮ ಬಾಗಿಲ ಮುಂದೆ ಗಂಟೆಯನ್ನು ಮುಷ್ಟಿಯಲ್ಲಿ ಹಿಡಿದು ದಾಟುತ್ತಿದ್ದ. ಒಮ್ಮೆ ಅವರ ಬಿಡಾರ ಕುಣಿಕೋಣೂರದಲ್ಲಿ ಇದೆಯೆಂದು ಕೇಳಿ ಅಪ್ಪ ಬಿಸಿಲಲ್ಲಿ ಹೋಗಿ ಬಂದ. ಚಪ್ಪಲಿ ಕಳಚುತ್ತ ಹೇಳಿದ, "ಮಗಳು ಕರೀಲಿ, ಬರ್ತೀನಿ ಅಂತಾನ. ಒಂದ್ ಮಾತ ಕರಿಯವ್ವಾ."

"ನಾ ಏನ್ ಸುಳ್ಳ ಹೇಳೀನಿ? ದಾಖಲಿ ತಗದ ತೋರಿಸ್ಲೇನು?" ಎಂದೆ. ಅಪ್ಪ ಇನ್ನೊಮ್ಮೆ ಕೇಳಲಿಲ್ಲ. ಅವನು ಮಲಗಿದಾಗ, ಕೊನೆಯ ದಿನಗಳಲ್ಲಿ, ಗಂಟೆ ಸಪ್ಪಳವಾದರೆ ತಲೆ ಎತ್ತುತ್ತಿದ್ದ. ಕುರಿಗಳ ಕೊರಳ ಗಂಟೆ ಅದು. ನನಗೆ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಆಗಲಾದರೂ ಕರೆಯಬಹುದಿತ್ತು. ಕರೆಯಲಿಲ್ಲ. ಇದಕ್ಕೆ ನನ್ನ ಹತ್ತಿರ ಯಾವ ಸಬೂಬೂ ಇಲ್ಲ.

ಅವ್ವ ತೀರಿಕೊಂಡ ವರ್ಷ ಮಾನವಮಿ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡಲು ಕುಳಿತೆ. ಒಬ್ಬೊಬ್ಬರ ಹೆಸರು ಹಿಡಿದು ಕರೆಯುವುದು ನಮ್ಮ ಪದ್ಧತಿ. ಅವ್ವ ಕರೆಯುವಾಗ ನಾನು ಪಕ್ಕದಲ್ಲಿ ಪೇಪರ್ ತಿದ್ದುತ್ತ ಕುಳಿತಿರುತ್ತಿದ್ದೆ, ಎಂದೂ ಕಿವಿಗೊಟ್ಟವಳಲ್ಲ. ಅವ್ವ, ಅಪ್ಪ, ಅಜ್ಜ, ಅಜ್ಜಿ. ಅಲ್ಲಿಗೆ ನಿಂತಿತು. ಅಜ್ಜನ ತಾಯಿಯ ಹೆಸರೇನು? ಬಾದಶಹರ ಪಟ್ಟಿಯನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ. ಉಳಿದ ಎಡೆಗಳನ್ನು ಹೆಸರಿಲ್ಲದೆ ಇಟ್ಟು, ಹೋಳಿಗೆ ತಣ್ಣಗಾಗುವವರೆಗೆ ಅತ್ತೆ. ಕೇಳಲು ಯಾರೂ ಇರಲಿಲ್ಲವಾದ್ದರಿಂದ ಗಟ್ಟಿಯಾಗಿಯೇ ಅತ್ತೆ. ಆ ಹೆಸರುಗಳು ನನಗೆ ಬೇಕಾಗಿದ್ದವು, ಅವುಗಳ ಕೆಳಗೆ ಅಪ್ಪ ಅವ್ವ ಹೋದದ್ದನ್ನು ಬರೆಸಬೇಕಾಗಿತ್ತು. ನಾನೂ ಹೋದರೆ ಬರೆಸುವವರೇ ಇಲ್ಲ.

ಈ ಸಲ ಹುಡುಗಿ ಆ ಪ್ರಶ್ನೆ ಕೇಳಿದ ದಿನವೇ, ಸಾಲಿ ಬಿಟ್ಟು ಬರುವಾಗ, ಪಕ್ಕದ ಮನೆಯ ಮುಂದೆ ಗಂಟೆ ಕೇಳಿತು. ಮುದುಕನಲ್ಲ, ಅವನ ಮಗ. ಮುದುಕ ತೀರಿಕೊಂಡು ಬಹಳ ದಿನವಾಗಿದೆಯಂತೆ. ನಮ್ಮ ಬಾಗಿಲಿಗೆ ಬಂದಾಗ ಇವನೂ ಗಂಟೆ ಮುಷ್ಟಿಯಲ್ಲಿ ಹಿಡಿದ. ಕಾರಣ ಗೊತ್ತಿತ್ತೋ ಇಲ್ಲವೋ, ತಂದೆ ಮಾಡಿದ್ದನ್ನು ಮಾಡಿದ.

"ಹೆಳವಪ್ಪಾ, ನಿಂದ್ರಪಾ. ನಾ ಕರ್ಯಾಕತ್ತೀನಿ. ಒಳಗ ಬಾ," ಎಂದೆ.

ಅವನು ನನ್ನನ್ನು ಒಮ್ಮೆ, ಬೀಗವನ್ನು ಒಮ್ಮೆ ನೋಡಿದ. "ಮನ್ಯಾಗ ಯಾರ ಅದಾರ್ರಿ?"

"ನಾನ ಅದೀನಿ."

ಬೀಗ ತೆಗೆದು ಕಂಬಳಿ ಹಾಸಿದೆ. ಪಡಸಾಲೆಯಲ್ಲಿ ಅವನೊಬ್ಬ, ನಾನೊಬ್ಬಳು. ಓದತೊಡಗಿದ. ಪ್ರತಿ ಹೆಸರಿಗೂ ಇಡೀ ಮನೆ ಹೇಳಬೇಕಾದದ್ದನ್ನು ನಾನೇ ಹೇಳಬೇಕಿತ್ತು. ಮೊದಮೊದಲು ನನ್ನ ದನಿಗೆ ನನಗೇ ನಾಚಿಕೆಯಾಯಿತು. ಬಾದಶಹನ ಹತ್ತಿರ ಬಂದಾಗ ಅವನು ತಡೆದು ನನ್ನ ಮುಖ ನೋಡಿದ. ಅಂದರೆ ಗೊತ್ತಿತ್ತು ಅವನಿಗೆ! "ಹೌದಪ್ಪಾ ಹೌದು," ಎಂದೆ. ಇತಿಹಾಸ ಕಲಿಸುವವಳಾಗಿ ಹೇಳುತ್ತೇನೆ, ಬಾದಶಹನ ಮಾತು ಇವತ್ತಿಗೂ ತಪ್ಪೇ. ಆದರೆ ಅದರ ಬೆನ್ನಿಗೇ ಬಂದವು ನೋಡಿ, ಯಾವ ದಾಖಲೆಯಲ್ಲೂ ನನಗೆ ಸಿಗದಿದ್ದವು. ಬಾಲಗಾಂವದಿಂದ ತಂದ ಸೊಸೆ, ಅವಳ ಹೆಸರು. ಕುರಿ ಕಾಯುವಾಗ ಸಿಡಿಲು ಬಡಿದು ಹೋದ ಹುಡುಗ, ಅವನ ಹೆಸರು. ಅಜ್ಜನ ತಾಯಿ ನಾಲ್ಕು ಹೆತ್ತು ಮೂರು ಕಳೆದುಕೊಂಡವಳು. ಅವಳ ಹೆಸರನ್ನು ಎರಡು ಸಲ ಓದಿಸಿಕೊಂಡು "ಹೌದು" ಎಂದೆ.

ಅಪ್ಪನ ಹೆಸರು ಬಂತು, ಅವ್ವನ ಹೆಸರು ಬಂತು. ಆಮೇಲೆ ಅವನು ಪುಟದ ಮೇಲೆ ಅಂಗೈ ಇಟ್ಟ.

"ಓದಪಾ."

"ಮುಂದಿಂದು ಬ್ಯಾಡ ಬಿಡ್ರಿ ಬಾಯಾರ."

ಪುಸ್ತಕವನ್ನು ನನ್ನ ಕಡೆ ತಿರುಗಿಸಿಕೊಂಡೆ. ಮುದುಕನ ಸೊಟ್ಟ ಅಕ್ಷರ. ನಮ್ಮ ಮನೆಯಿಂದ ಎದ್ದು ಹೋದ ದಿನವೇ ಬರೆದಿರಬೇಕು. 'ಒಬ್ಬಾಕಿ ಮಗಳು. ಓದಿದಾಕಿ. ಕೇಳಲಿಲ್ಲ.'

ಮಗ ಪೆನ್ನು ತೆಗೆದ. "ನಮ್ಮಪ್ಪ ಸಿಟ್ಟಿನ್ಯಾಗ ಬರದಾನ್ರಿ. ಈ ಸಾಲ ಹೊಡದ ಹಾಕ್ತೀನಿ, ಯಾರಿಗೂ ತಿಳಿಯಂಗಿಲ್ಲ."

ಹೊಡೆದು ಹಾಕಿಬಿಡು ಎಂದು ಮನಸ್ಸು ಕೂಗಿತು, ಸುಳ್ಳು ಯಾಕೆ ಹೇಳಲಿ. ಆದರೆ ಅದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಇಪ್ಪತ್ತೇಳು ವರ್ಷ ನಾನು ಮಕ್ಕಳಿಗೆ ಕಲಿಸಿದ್ದು ಇದೊಂದೇ: ನಮಗೆ ಹಿಡಿಸಲಿಲ್ಲ ಎಂದು ಬರೆದದ್ದನ್ನು ಅಳಿಸಬಾರದು.

"ಬ್ಯಾಡ, ಇರ್ಲಿ," ಎಂದೆ. "ಅಪ್ಪ ಅವ್ವ ಹೋಗಿದ್ದು ಬರಿ."

ಬರೆದ. ಬಹಳ ಹೊತ್ತು ತೆಗೆದುಕೊಂಡು, ದುಂಡಗೆ ಬರೆದ. ಆಮೇಲೆ ಆ ಹಳೆಯ ಸಾಲಿನ ಪಕ್ಕ ಪೆನ್ನು ಊರಿ ತಲೆ ಎತ್ತಿದ. "ಇಲ್ಲಿ ನಿಮ್ಮ ಹೆಸರ ಇಲ್ರಿ ಬಾಯಾರ. ಏನಂತ ಬರೀಲಿ?"

ಹೇಳಿದೆ. ಅವ್ವ ಹೋದ ಮೇಲೆ ಆ ಹೆಸರನ್ನು ಆ ಮನೆಯಲ್ಲಿ ಯಾರೂ ಕರೆದಿರಲಿಲ್ಲ. ದನಿ ಸರಿಯಾಗಿ ಹೊರಡಲಿಲ್ಲವೇನೋ, ಅವನು ಕಿವಿ ಮುಂದೆ ಮಾಡಿ, "ಕೇಳ್ಸಲಿಲ್ರಿ, ಇನ್ನೊಮ್ಮೆ ಹೇಳ್ರಿ," ಎಂದ.

ಇನ್ನೊಮ್ಮೆ ಹೇಳಿದೆ. ಅವನು ಬರೆದು, ಗಟ್ಟಿಯಾಗಿ ಓದಿ, ರೂಢಿಯಂತೆ ನಿಂತ. ಹೌದು ಎನ್ನಲು ನನ್ನ ಬಿಟ್ಟು ಅಲ್ಲಿ ಯಾರೂ ಇರಲಿಲ್ಲ.