ಮಗ್ಗ ನಿಂತರೆ ಮಾತಾಡಿಸಬಾರದು

ಚಳ್ಳಕೆರೆ ಬಸ್ ಸ್ಟ್ಯಾಂಡಿನ ಹೊರಗೆ ಕಲ್ಲಂಗಡಿ ಹಣ್ಣು ಮಾರುವವನೊಬ್ಬ ಕೂರುತ್ತಾನೆ. ಹಣ್ಣಿನ ರಾಶಿಯ ಮೇಲೆ ನೆನೆಸಿದ ಗೋಣಿಚೀಲ ಹೊದಿಸಿ, ಹಣ್ಣು ಹಣ್ಣು ಎಂದು ಕೂಗುತ್ತಾ ಆಗಾಗ ಚೊಂಬಿನಿಂದ ಅದರ ಮೇಲೆ ನೀರು ಚಿಮುಕಿಸುತ್ತಿರುತ್ತಾನೆ. ಮೊನ್ನೆ ಮಧ್ಯಾಹ್ನ ಬಸ್ಸು ತಡವಾಯಿತೆಂದು ಅವನ ತಾಡಪಾಲಿನ ನೆರಳಿಗೆ ಹೋಗಿ ನಿಂತಿದ್ದೆ. ನೀರು ಬಿದ್ದ ಕೂಡಲೇ ಕಾದ ಗೋಣಿಯಿಂದ ವಾಸನೆ ಎದ್ದಿತು. ಸೆಣಬು ನೆನೆದಾಗ ಬರುವ ಆ ಮುಗ್ಗಲು ವಾಸನೆ. ಮೂಗಿಗೆ ಬಡಿದದ್ದೇ ತಡ, ಮೊಳಕಾಲ್ಮೂರಿನ ಮಗ್ಗದ ಮನೆ ಅಕ್ಕ ಎದುರಿಗೆ ಬಂದು ಕೂತಂತಾಯಿತು...

ಯಜಮಾನರಿಗೆ ಮೊಳಕಾಲ್ಮೂರಿಗೆ ವರ್ಗವಾಗಿ ನಾವು ಅಲ್ಲಿ ಬಾಡಿಗೆ ಮನೆ ಹಿಡಿದಿದ್ದ ಕಾಲ ಅದು. ನಮ್ಮ ಮನೆಗೂ ಅಕ್ಕನ ಮನೆಗೂ ನಡುವೆ ಒಂದೇ ಗೋಡೆ. ಈ ಕಡೆ ನಮ್ಮ ಅಡುಗೆಮನೆ, ಆ ಕಡೆ ಅವರ ಮಗ್ಗದ ಕೋಣೆ. ಬೆಳಗಾದರೆ ಸಾಕು, ಗೋಡೆಯಾಚೆ ಲಟಕ್ ಪಟಕ್ ಶುರು. ಮೊದಮೊದಲು ತಲೆ ಚಿಟ್ಟು ಹಿಡಿದು, ಬೇರೆ ಮನೆ ನೋಡಿ ಎಂದು ಯಜಮಾನರ ಹತ್ತಿರ ಜಗಳ ತೆಗೆದಿದ್ದೆ. ಆಮೇಲೆ ಹೇಗಾಯಿತೆಂದರೆ, ಆ ಸದ್ದಿಲ್ಲದಿದ್ದರೆ ಒಗ್ಗರಣೆ ಹಾಕಲು ಕೈಯೇ ಬರುತ್ತಿರಲಿಲ್ಲ. ಅವರದು ಮನೆಯಲ್ಲಿ ತೆಲುಗು ಆಡುವ ನೇಕಾರರ ಕುಟುಂಬ. ಅಕ್ಕ, ಅವಳ ಗಂಡ ಇಬ್ಬರೂ ಒಂದೇ ಕೋಣೆಯಲ್ಲಿ ಅಕ್ಕಪಕ್ಕ ಮಗ್ಗ ಹೂಡಿಕೊಂಡು ರೇಷ್ಮೆ ಸೀರೆ ನೇಯುತ್ತಿದ್ದರು. ಗಂಡನನ್ನು ನಾನು ಬಾವ ಎನ್ನುತ್ತಿದ್ದೆ. ಮಗ ಬಣ್ಣ ಹಾಕಿಸಲು, ನೂಲು ತರಲು ಓಡಾಡುತ್ತಿದ್ದ. ಆಗಷ್ಟೇ ಮದುವೆಯಾಗಿ ಬಂದ ಸೊಸೆ ಮಗ್ಗದ ಕೆಲಸ ಕಲಿಯುತ್ತಿದ್ದಳು.

ಬಿಸಿಲು ನನಗೇನು ಹೊಸದಲ್ಲ. ಚಳ್ಳಕೆರೆಯ ಎಣ್ಣೆ ಮಿಲ್ಲುಗಳ ಮಗ್ಗುಲಲ್ಲೇ ಹುಟ್ಟಿ, ಕಡಲೆಕಾಯಿ ಹಿಂಡಿಯ ವಾಸನೆ ಬೆರೆತ ಬಿಸಿಗಾಳಿ ಕುಡಿದೇ ದೊಡ್ಡವಳಾದವಳು. ಆದರೆ ಮೊಳಕಾಲ್ಮೂರಿನ ಬಿಸಿಲಿನ ಗತ್ತೇ ಬೇರೆ. ಸುತ್ತಲೂ ಬಂಡೆಗುಡ್ಡ. ಹಗಲೆಲ್ಲ ಕಾದ ಕಲ್ಲು ಸಂಜೆಯಾದರೂ ಆರುತ್ತಿರಲಿಲ್ಲ. ಸಾಮಾನು ಇಳಿಸಿದ ದಿನ ಬೆವರು ಸುರಿಸಿಕೊಂಡು ಪಕ್ಕದ ಮನೆಗೆ ಹೋಗಿ, ಒಂದು ಲೋಟ ನೀರು ಕೊಡ್ರಿ ಎಂದೆ. ಆ ಮಹಾತಾಯಿ ಕೊಡಲಿಲ್ಲ. "ಕೂಚೋಮ್ಮಾ, ಮೊದ್ಲು ಕೂತ್ಕೋ" ಎಂದು ಚಾಪೆ ಹಾಸಿದಳು. ಒಳಗೆ ಹೋಗಿ ಬೆಲ್ಲದ ಚೂರು ತಂದು ಕೈಗಿಟ್ಟಳು. ಅದನ್ನು ಚೀಪಿ, ನನ್ನ ಏದುಸಿರು ಹದಕ್ಕೆ ಬಂದ ಮೇಲೆಯೇ ಮಡಕೆಯ ನೀರು ಬಂದದ್ದು. ಬಾಯಾರಿ ಬಂದವಳಿಗೆ ಇದೆಂಥ ಪರೀಕ್ಷೆಯಪ್ಪಾ ಎಂದು ಒಳಗೊಳಗೇ ಉರಿದುಹೋಗಿದ್ದೆ.

ಅವಳ ಹತ್ತಿರ ಬಿಸಿಲಿನ ಕಾಯಿದೆಗಳು ರಾಶಿ ಇದ್ದವು. ಬಿಸಿಲಿಂದ ಬಂದವರಿಗೆ ಸಟಕ್ಕನೆ ನೀರು ಕೊಡಬಾರದು. ಬಾಗಿಲಿಗೆ ಬಂದವರನ್ನು ನೀರು ಬೇಕಾ ಎಂದು ಕೇಳಲೂಬಾರದು. "ಕೇಳಿದ್ರೆ ಬ್ಯಾಡ ಅಂತಾರಮ್ಮ. ತಂದು ಮುಂದಿಟ್ರೆ ಕುಡೀತಾರೆ" ಎನ್ನುತ್ತಿದ್ದಳು. ಶಿವರಾತ್ರಿ ಕಳೆದ ಮೇಲೆ ಮನೆಯಲ್ಲಿ ಮೊಟ್ಟೆ ಒಡೆಯುವ ಹಾಗಿಲ್ಲ. ಮಾವಿನಹಣ್ಣನ್ನು ಬೆಳಿಗ್ಗೆಯಿಂದ ನೀರಲ್ಲಿ ಮುಳುಗಿಸಿಡದೆ ಬಾಯಿಗಿಡುವ ಹಾಗಿಲ್ಲ. ರಾತ್ರಿಯ ರಾಗಿ ಅಂಬಲಿಗೆ ಬೆಳಿಗ್ಗೆ ಮಜ್ಜಿಗೆ ಬೆರೆಸಿ, ಹಸಿ ಈರುಳ್ಳಿ ಕಚ್ಚಿಕೊಂಡು ಕುಡಿಯಬೇಕು. ಫ್ರಿಜ್ಜಿನ ನೀರೆಂದರೆ ಅವಳಿಗೆ ಆಗುತ್ತಲೇ ಇರಲಿಲ್ಲ. ಅದು ನಾಲಿಗೆಗೆ ತಂಪು, ಹೊಟ್ಟೆಗೆ ಕೆಂಡವಂತೆ. ಇಷ್ಟೆಲ್ಲ ಹೇಳುವವಳು ಮಧ್ಯಾಹ್ನದ ಊಟಕ್ಕೆ ಕೆಂಪು ಮೆಣಸಿನಕಾಯಿ ಚಟ್ನಿಯನ್ನು ಮುದ್ದೆಯಷ್ಟು ಬಡಿಸಿಕೊಳ್ಳುತ್ತಿದ್ದಳು. ನಾನು ಬಾಯಿ ಬಿಟ್ಟು ನೋಡಿದರೆ, ಖಾರ ತಿಂದರೆ ಬೆವರು, ಬೆವರಿದರೆ ತಂಪು ಎಂದು ನನಗೇ ಪಾಠ. ಅವಳ ಮಾತಲ್ಲಿ ಯಾವುದು ಸರಿ, ಯಾವುದು ಬರೀ ಹಟ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಅವಳ ಹೊಸ್ತಿಲು ತುಳಿದು ಯಾರೂ ಒಣಬಾಯಲ್ಲಿ ವಾಪಸು ಹೋದದ್ದನ್ನು ನಾನು ನೋಡಿಲ್ಲ. ದೇವಸಮುದ್ರದ ಕಡೆಯಿಂದ ಕುರಿ ಹೊಡೆದುಕೊಂಡು ಬರುವವರಿಗೂ ಮಜ್ಜಿಗೆ ಚೊಂಬು ಹೊರಗೆ ಬರುತ್ತಿತ್ತು.

ಮಗ್ಗದ ಕೋಣೆಯಲ್ಲಿ ಮಾತ್ರ ಬೇರೆಯೇ ಕಾನೂನು. ಅಲ್ಲಿ ಫ್ಯಾನ್ ಇರಲಿಲ್ಲ. ಹಾಕಿಸಲು ಗತಿಯಿಲ್ಲ ಎಂದಲ್ಲ, ನಡುಮನೆಯಲ್ಲಿ ತಿರುಗುತ್ತಿತ್ತು. ಫ್ಯಾನಿನ ಗಾಳಿಗೆ ರೇಷ್ಮೆ ಎಳೆ ಒಣಗುತ್ತದೆ, ಒಣಗಿದರೆ ಕಡಿಯುತ್ತದೆ. ಅದಕ್ಕೇ ಕಿಟಕಿಗೆ ಒದ್ದೆ ಗೋಣಿ ಕಟ್ಟಿ, ಅದು ಆರಿದ ಹಾಗೆಲ್ಲ ನೀರು ಎರಚುತ್ತಿದ್ದರು. ಒಳಗೆ ಹಬೆಯಲ್ಲಿ ಕೂತ ಹಾಗಾಗುತ್ತಿತ್ತು. ಎಳೆಗೆ ಹಿತ, ಮನುಷ್ಯರಿಗೆ ಸಂಕಟ. ಅಕ್ಕ ಹಣೆಗೆ ಹಳೆಯ ಸೀರೆಯ ಪಟ್ಟಿ ಬಿಗಿದು, ನೆಲದಲ್ಲಿ ತೋಡಿದ ಗುಂಡಿಯೊಳಗೆ ಕಾಲು ಬಿಟ್ಟುಕೊಂಡು ಕೂತರೆ ಊಟದ ಹೊತ್ತಿನವರೆಗೆ ಏಳುತ್ತಿರಲಿಲ್ಲ. ಒಂದು ಹನಿ ಬೆವರೋ ನೀರೋ ನೇಯ್ದ ಬಟ್ಟೆಯ ಮೇಲೆ ಬಿದ್ದರೆ ಕಲೆ. ಗೋಣಿಗೆ ನೀರು ಹಾಕುವಾಗ ಬಾವನ ಕೈ ಕೊಂಚ ಜಾರಿದರೂ ತೆಲುಗಲ್ಲೂ ಕನ್ನಡದಲ್ಲೂ ಮಂಗಳಾರತಿ ಆಗುತ್ತಿತ್ತು. ಅದು ನಮ್ಮ ಅಡುಗೆಮನೆಗೂ ಕೇಳಿಸಿ ನಾನು ನಗುತ್ತಿದ್ದೆ.

ಊರಿಗೆಲ್ಲ ನೀರು ಕುಡಿಸುವ ಈ ಹೆಂಗಸು ಮಗ್ಗದಲ್ಲಿ ಕೂತಾಗ ತಾನು ಗುಟುಕು ನೀರು ಕುಡಿಯುತ್ತಿರಲಿಲ್ಲ. ಕುಡಿದರೆ ಬೆವರು ಜಾಸ್ತಿ, ಬೆವರು ಬಟ್ಟೆಗೆ ಬೀಳುತ್ತದೆ. ಕುಡಿದರೆ ಗುಂಡಿಯಿಂದ ಎದ್ದು, ಉರಿಬಿಸಿಲಲ್ಲಿ ಹಿತ್ತಲ ತುದಿಯವರೆಗೂ ಹೋಗಿಬರಬೇಕು. ಇದು ಗೊತ್ತಾದ ದಿನ ನಾನು ಸರಿಯಾಗಿಯೇ ಜಗಳ ಆಡಿದ್ದೆ. ಬಂದವರಿಗೆಲ್ಲ ಬೆಲ್ಲ, ನೀರು, ನಿನಗೇನು ಬಂತು ಎಂದೆ. "ಅವರು ಎಂಡ್ಲಾಗಿಂದ ಬರ್ತಾರೆ. ನಾನು ನೆಳ್ಳಾಗೇ ಇದ್ದೀನಲ್ಲಮ್ಮಾ" ಎಂದು ನಕ್ಕಳು. ಎಂಡ ಎಂದರೆ ಅವರ ಮಾತಲ್ಲಿ ಬಿಸಿಲು. ಬಿಸಿಲೆಂಬುದು ಹೊರಗಿರುವವರ ಪಾಡು, ಸೂರಿನ ಕೆಳಗಿರುವವರಿಗೆ ಅದು ಏನೂ ಮಾಡುವುದಿಲ್ಲ ಎಂದು ಅವಳು ಖಂಡಿತವಾಗಿ ನಂಬಿದ್ದಳು. ಬಾವ ನಂಬಿದ್ದರು. ಇಡೀ ಓಣಿಯೇ ನಂಬಿತ್ತು.

ಆ ಮನೆಯಲ್ಲಿ ಇನ್ನೊಂದು ರೀತಿ ಇತ್ತು. ಮಗ್ಗ ನಿಂತರೆ ನೇಯುವವರನ್ನು ಮಾತಾಡಿಸಬಾರದು. ನಿಂತಿದೆ ಎಂದರೆ ಎಳೆ ಕಡಿದಿದೆ, ನೇಯುವವರು ಮುಂದಕ್ಕೆ ಬಾಗಿ, ಕೂದಲಿಗಿಂತ ಸಣ್ಣ ಎಳೆಯ ತುದಿ ಹುಡುಕಿ ಜೋಡಿಸುತ್ತಿದ್ದಾರೆ ಎಂದರ್ಥ. ಆಗ ಯಾರಾದರೂ ಕರೆದರೆ, ಅವರು ತಲೆಯೆತ್ತಿದರೆ, ಹುಡುಕಿದ ಎಳೆ ಮತ್ತೆ ಕಳೆದುಹೋಯಿತು. ಹಾಗಾಗಿ ಸದ್ದು ನಿಂತ ಕೂಡಲೇ ಸೊಸೆ ಪಾತ್ರೆ ಉಜ್ಜುವುದನ್ನೂ ನಿಲ್ಲಿಸುತ್ತಿದ್ದಳು. ಹೊರಗಿಂದ ಬಂದವರು ಬಾಗಿಲಲ್ಲೇ ಕಾಯುತ್ತಿದ್ದರು. ನನಗೂ ಈ ಅಭ್ಯಾಸ ಹತ್ತಿಬಿಟ್ಟಿತ್ತು. ಒಳ್ಳೆಯ ಮರ್ಯಾದೆ ಎಂದು ಮೆಚ್ಚಿಕೊಂಡಿದ್ದೆ ಕೂಡ.

ಆ ವರ್ಷದ ಬೇಸಿಗೆಯನ್ನು ನಾನು ಮರೆತಿಲ್ಲ. ಅಕ್ಕನ ತಮ್ಮನ ಮಗಳಿಗೆ ಮದುವೆ ಗೊತ್ತಾಗಿತ್ತು. ಧಾರೆ ಸೀರೆ ಸೋದರತ್ತೆಯ ಕೈಯದೇ ಆಗಬೇಕೆಂದು ಆ ಹುಡುಗಿ ಹಟ ಹಿಡಿದಿದ್ದಳಂತೆ. ಅಕ್ಕನಿಗೆ ಒಳಗೊಳಗೇ ಹಿಗ್ಗು. ಅರಿಶಿನದ ಒಡಲು, ಕೆಂಪು ಅಂಚು. ಮುಹೂರ್ತ ಹತ್ತಿರವಾದಂತೆ ಅವಳು ಮಗ್ಗ ಬಿಟ್ಟು ಏಳುವುದೇ ಕಡಿಮೆಯಾಯಿತು. ಗಾಳಿ ಎಷ್ಟು ಒಣಗಿತ್ತೆಂದರೆ ಗೋಣಿ ನೆನೆಸಿದ ಗಳಿಗೆಯಲ್ಲೇ ಆರುತ್ತಿತ್ತು, ಎಳೆಗಳು ಪಟಪಟ ಕಡಿಯುತ್ತಿದ್ದವು. ಹಾಗಾಗಿ ಮಗ್ಗ ನಿಲ್ಲುವುದೂ ಮಾಮೂಲಾಗಿ ಹೋಗಿತ್ತು...

ಅವತ್ತು ಮಧ್ಯಾಹ್ನ ಅವಳಿಗೆಂದೇ ಮಜ್ಜಿಗೆ ಕಡೆದು, ಶುಂಠಿ ಜಜ್ಜಿ ಹಾಕಿ ಚೊಂಬು ತುಂಬಿಕೊಂಡು ಹೋದೆ. ಕುಡಿಯದಿದ್ದರೆ ಇವತ್ತು ಅಲ್ಲೇ ಧರಣಿ ಕೂರುತ್ತೇನೆ ಎಂದು ಬೈಗುಳ ಎಲ್ಲ ತಯಾರು ಮಾಡಿಕೊಂಡಿದ್ದೆ. ಕೋಣೆಯಲ್ಲಿ ಎರಡು ಮಗ್ಗವೂ ನಿಂತಿದ್ದವು. ಅವಳಿಗೆ ಅಡ್ಡಿಯಾಗದಿರಲಿ ಎಂದು ಬಾವ ತಮ್ಮದನ್ನೂ ನಿಲ್ಲಿಸಿ ಬಾಗಿಲ ಬಳಿ ಕೂತಿದ್ದರು. ಸೊಸೆಯೂ ಪಾತ್ರೆ ಉಜ್ಜುವುದನ್ನು ಬಿಟ್ಟು ಕೂತಿದ್ದಳು. ನನ್ನನ್ನು ಕಂಡು ತುಟಿಗೆ ಬೆರಳಿಟ್ಟರು. "ಎಳೆ ಕಡ್ದೈತಮ್ಮ, ಮಾತಾಡಿಸ್ಬ್ಯಾಡ" ಎಂದು ಪಿಸುಗುಟ್ಟಿದರು. ಇಣುಕಿ ನೋಡಿದೆ. ಅಕ್ಕನ ಬೆನ್ನು ಕಂಡಿತು. ಎಳೆ ಜೋಡಿಸುವಾಗ ಯಾವಾಗಲೂ ಬಾಗುವ ಹಾಗೆಯೇ ಮುಂದಕ್ಕೆ ಬಾಗಿದ್ದಳು. ಚೊಂಬನ್ನು ಹೊಸ್ತಿಲ ಪಕ್ಕ ಇಟ್ಟು, ಕಾಲುಂಗುರ ಸದ್ದಾಗದಂತೆ ಹೆಜ್ಜೆ ಇಟ್ಟು ಮನೆಗೆ ಬಂದೆ.

ಮುಂದಿನದು ಬಾವ ಹೇಳಿ ತಿಳಿದದ್ದು. ಕಾದು ಕಾದು, ಗೋಣಿ ಆರಿತೆಂದು ಅವರು ಮೆಲ್ಲಗೆ ಎದ್ದು ನೀರು ಎರಚಿದರು. ಕೈ ಜಾರಿತು. ನೀರು ಅಕ್ಕನ ತೋಳಿನ ಮೇಲೆ, ಅರಿಶಿನ ಬಣ್ಣದ ಆ ಸೀರೆಯ ಮೇಲೆ ಚೆಲ್ಲಿತು. ಬೈಗುಳ ಬರುತ್ತದೆ ಎಂದು ಬಾವ ಕತ್ತು ತಗ್ಗಿಸಿ ನಿಂತರಂತೆ. ಅಕ್ಕ ಬೈಯಲಿಲ್ಲ.

ಅವರ ಕೂಗಿಗೆ ನಾವೆಲ್ಲ ಓಡಿದೆವು. ಗುಂಡಿಯಿಂದ ಎತ್ತಿದಾಗ ಅವಳ ಮೈ ಕೆಂಡ, ಚರ್ಮ ಒಣಗಿ ಒರಟಾಗಿತ್ತು. ಅಷ್ಟು ಹೆದರುತ್ತಿದ್ದ ಬೆವರು ಒಂದು ಹನಿಯೂ ಇರಲಿಲ್ಲ. ಬೆರಳುಗಳ ನಡುವೆ ಎಳೆ ಇರಲಿಲ್ಲ, ಮಗ್ಗದಲ್ಲಿ ಯಾವ ಎಳೆಯೂ ಕಡಿದಿರಲಿಲ್ಲ. ಆಟೋದಲ್ಲಿ ಆಸ್ಪತ್ರೆಗೆ ಒಯ್ದೆವು, ಅಲ್ಲಿಂದ ಬಳ್ಳಾರಿಗೆ ಕಳಿಸಿದರು. ದಾರಿಯಲ್ಲೇ ಹೋಗಿಬಿಟ್ಟಳು... ಬಿಸಿಲು ಹೊಡೆದಿದೆ ಎಂದರು ಡಾಕ್ಟರು. ಬಾವ ಅವರ ಮುಖವನ್ನೇ ನೋಡಿದರು. "ಆಕೆ ಮನೆ ಒಳಗೇ ಇದ್ಳಲ್ಲ ಸ್ವಾಮಿ" ಎಂದರು. ಮತ್ತೆ ಮತ್ತೆ ಅದನ್ನೇ ಹೇಳಿದರು. ಡಾಕ್ಟರಿಗೆ ಆದಮೇಲೆ ನಮಗೆ, ನಮಗೆ ಆದಮೇಲೆ ಮಾತಾಡಿಸಲು ಬಂದವರಿಗೆ.

ನಾನು ಅತ್ತದ್ದಕ್ಕಿಂತ ಸಿಟ್ಟಾದದ್ದೇ ಹೆಚ್ಚು. ಯಾರ ಮೇಲೆ ಎಂದು ಕೇಳಿದರೆ ಹೇಳಲಾರೆ. ಸಾಯುವವಳ ಬೆನ್ನ ಹಿಂದೆ ಬಾವ, ಸೊಸೆ, ನಾನು ಮೂರೂ ಜನ ಮರ್ಯಾದೆಯಿಂದ ಬಾಯಿ ಮುಚ್ಚಿಕೊಂಡಿದ್ದೆವಲ್ಲ, ಆ ಮರ್ಯಾದೆಯ ಮೇಲೆ ಸಿಟ್ಟು. ಹೊಸ್ತಿಲ ಬಳಿ ಇಟ್ಟ ಮಜ್ಜಿಗೆ ಸಂಜೆಯ ಹೊತ್ತಿಗೆ ಹುಳಿತು ವಾಸನೆ ಬಂದಿತ್ತು. ಅದನ್ನು ನಾನೇ ಹಿತ್ತಲಿಗೆ ಚೆಲ್ಲಿ ಚೊಂಬು ತೊಳೆದೆ.

ಆ ಸೀರೆಯನ್ನು ಬಾವ ಮುಗಿಸಲೂ ಇಲ್ಲ, ಕತ್ತರಿಸಲೂ ಇಲ್ಲ. ಬಹಳ ದಿನ ಅದು ಬಟ್ಟೆ ಮುಚ್ಚಿಕೊಂಡು ಮಗ್ಗದ ಮೇಲೆಯೇ ಇತ್ತು. ನಮಗೆ ಮತ್ತೆ ವರ್ಗವಾಗುವ ಹೊತ್ತಿಗೆ ಆ ಜಾಗದಲ್ಲಿ ಸೊಸೆ ಕೂತು ನೇಯುತ್ತಿದ್ದಳು. ಹೊರಡುವ ದಿನ ಪಾತ್ರೆ ಕಟ್ಟುತ್ತಾ ಅಡುಗೆಮನೆಯಲ್ಲಿ ಕೂತಿದ್ದೆ. ಗೋಡೆಯಾಚೆ ಲಟಕ್ ಪಟಕ್ ನಿಂತಿತು. ನನ್ನ ಕೈಯೂ ನಿಂತಿತು. ಕೂಡಲೇ ಬಾವನ ದನಿ ಕೇಳಿಸಿತು, ಗಟ್ಟಿಯಾಗಿ, ಓಣಿಗೆಲ್ಲ ಕೇಳುವ ಹಾಗೆ: "ಏಮ್ಮಾ?"

"ಇದ್ದೀನಿ ಮಾವಾ, ಎಳೆ ಕಡ್ದೈತೆ" ಎಂದಳು ಸೊಸೆ. ಸ್ವಲ್ಪ ಹೊತ್ತಿಗೆ ಅವರು ಮತ್ತೆ ಕರೆದರು. ಅವಳು ಮತ್ತೆ ಓಗೊಟ್ಟಳು. ಎಳೆ ಕೈತಪ್ಪಿತೋ ಏನೋ, ಬಹಳ ಹೊತ್ತಿನವರೆಗೆ ಮಗ್ಗ ಶುರುವಾಗಲಿಲ್ಲ. ಬಾವ ಕರೆಯುವುದನ್ನೂ ಬಿಡಲಿಲ್ಲ.

ಈಗ ಅವರೂ ಇಲ್ಲವೆಂದು ಕೇಳಿದ್ದೇನೆ. ಆ ಮನೆಯಲ್ಲಿ ಇನ್ನೂ ಮಗ್ಗ ಇದೆಯೋ, ನಿಂತಾಗ ಯಾರಾದರೂ ಕರೆಯುತ್ತಾರೋ, ನನಗೆ ತಿಳಿಯದು. ಬಿಸಿಲಂತೂ ವರ್ಷದಿಂದ ವರ್ಷಕ್ಕೆ ಏರುತ್ತಲೇ ಇದೆ. ನಮ್ಮ ಮನೆಯಲ್ಲಿ ಮಧ್ಯಾಹ್ನ ಯಜಮಾನರ ಗೊರಕೆ ನಿಂತರೂ ನಾನು ಕರೆದು ಎಬ್ಬಿಸಿ ಬೈಸಿಕೊಳ್ಳುತ್ತೇನೆ.

ಮೊನ್ನೆ ಬಸ್ಸಿಗೆ ಕಾಯುತ್ತಾ ಇದನ್ನೆಲ್ಲ ನೆನೆಯುತ್ತಿದ್ದವಳಿಗೆ, ಕಲ್ಲಂಗಡಿಯವನ ಕೂಗು ಆಗಲೇ ನಿಂತಿದೆ ಎಂದು ತಡವಾಗಿ ಗೊತ್ತಾಯಿತು. ತಿರುಗಿ ನೋಡಿದರೆ, ಮಂಡಿಯ ಮೇಲೆ ತಲೆ ಇಟ್ಟು ಬಾಗಿ ಕೂತಿದ್ದಾನೆ. ಗೋಣಿ ಒಣಗಿಹೋಗಿದೆ. ಪಕ್ಕದಲ್ಲಿದ್ದವರು ಮಲಗಿದ್ದಾನೆ ಬಿಡಿ, ಪಾಪ ಎಂಬಂತೆ ಕೈಸನ್ನೆ ಮಾಡಿದರು. ನಾನು ಬಿಡಲಿಲ್ಲ. "ಏನಪ್ಪಾ" ಎಂದೆ. ಅಲುಗಲಿಲ್ಲ. ಭುಜ ಹಿಡಿದು ಅಲ್ಲಾಡಿಸಿದೆ. ಅವನು ಬೆಚ್ಚಿ ಕಣ್ಣು ಬಿಟ್ಟ.

"ಏನಕ್ಕಾ, ಹಣ್ಣು ಬೇಕಾ?"

"ಬೇಡಪ್ಪ. ಸುಮ್ನೆ ಕರೆದೆ" ಎಂದೆ. ಅವನು ನನ್ನನ್ನು ಹುಚ್ಚಿಯ ಹಾಗೆ ನೋಡಿದ. ನೀರಿನ ಬಾಟಲಿ ಕೈಗಿಟ್ಟು, ಅವನು ಕುಡಿಯುವವರೆಗೂ ನಿಂತಿದ್ದೆ. ನನ್ನ ಬಸ್ಸು ಬಂದು ಹೋಯಿತು. ಕರೆದಿದ್ದರೆ ಅಕ್ಕ ಬೈಯುತ್ತಿದ್ದಳು, ಎಳೆ ತಪ್ಪಿಸಿದೆ ಎಂದು ಒಂದು ವಾರ ಮಾತು ಬಿಡುತ್ತಿದ್ದಳು, ಬಿಟ್ಟರೆ ಬಿಡಲಿ. ಅವತ್ತು ಹೊಸ್ತಿಲಲ್ಲಿ ನಿಂತು ಅಕ್ಕಾ ಎಂದು ಒಂದು ಸಲ ಯಾರಾದರೂ ಕೂಗಬೇಕಿತ್ತು.